ಅಪ್ಪ ಅಂಟಿಸಿಕೊಂಡ ಪಟ್ಟಿ

ಅಪ್ಪ ಬಸ್ಸನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ್ದು ಸಂತೆಕಲ್ಲೂರಿನ ಹತ್ತಿರ, ಬಿತ್ತನೆಗೆ ಹರಗಿ ಬಿಟ್ಟ ಹೊಲಗಳ ನಡುವೆ. ಅಲ್ಲಿ ನಿಲ್ದಾಣವಿಲ್ಲ. ಇಳಿಯುವವರೂ ಇರಲಿಲ್ಲ, ಕೈ ಮಾಡಿ ನಿಲ್ಲಿಸಿದವರೂ ಇರಲಿಲ್ಲ. ಏನಾಯಿತೆಂದು ಕಂಡಕ್ಟರ್ ಮುಂದೆ ಬಂದು ನೋಡಿದರೆ ಅಪ್ಪ ಎಂಜಿನ್ ಬಂದ್ ಮಾಡಿ, ಎರಡೂ ಕೈಗಳನ್ನು ಸ್ಟೇರಿಂಗ್ ಮೇಲೆ ಇಟ್ಟುಕೊಂಡು ಕುಳಿತಿದ್ದ.

"ನನಗ ರಸ್ತೆ ಕಾಣವಲ್ದು," ಅಂದನಂತೆ. "ಮಂದೀನ್ನ ಹಿಂದಿನ ಬಸ್ಸಿಗೆ ಹತ್ತಿಸಿಬಿಡು."

ನಾನು ಆ ಹೊತ್ತಿಗೆ ಸಿಂಧನೂರಿನಲ್ಲಿ, ನರ್ಸ್ ಆಗಿ ಕೆಲಸ ಮಾಡುವ ಖಾಸಗಿ ಆಸ್ಪತ್ರೆಯಲ್ಲಿ, ವಾರ್ಡಿನವರಿಗೆ ಮಧ್ಯಾಹ್ನದ ಗುಳಿಗೆ ಕೊಡುತ್ತಿದ್ದೆ. ಕಂಡಕ್ಟರ್ ಫೋನ್ ಮಾಡಿ ಗಾಡಿಗೆ ಏನೂ ಆಗಿಲ್ಲ, ಜನರಿಗೂ ಏನೂ ಆಗಿಲ್ಲ ಎಂದು ಮೊದಲು ಹೇಳಿದರು. ಡ್ರೈವರನ ಮನೆಗೆ ಫೋನ್ ಮಾಡುವಾಗ ಯಾವ ಮಾತು ಮೊದಲು ಹೇಳಬೇಕೆಂಬುದು ಅವರಿಗೆ ಗೊತ್ತಿತ್ತು. ಆಮೇಲೆ, ಅಪ್ಪನ ಮಾತು ತೊದಲುತ್ತಿದೆ, ಒಂದೇ ಸಮನೆ ನೀರು ಕೇಳುತ್ತಿದ್ದಾನೆ, ಲಿಂಗಸುಗೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇವೆ ಎಂದರು. ನಾನು ಸಿಕ್ಕ ಬಸ್ಸು ಹಿಡಿದೆ. ಮಸ್ಕಿಯಲ್ಲಿ ಅವ್ವ ಹತ್ತಿ ನನ್ನ ಪಕ್ಕ ಕುಳಿತಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ನೋಡಿದಳು. ಸಂತೆಕಲ್ಲೂರಿನ ಹತ್ತಿರ ಅಪ್ಪನ ಬಸ್ಸು ಇನ್ನೂ ನಿಂತಿತ್ತು, ಬಾಗಿಲು ತೆರೆದುಕೊಂಡು, ಒಳಗೆ ಯಾರೂ ಇಲ್ಲದೆ.

ಆಸ್ಪತ್ರೆಯಲ್ಲಿ ಅಪ್ಪನ ರಕ್ತದ ಸಕ್ಕರೆ ಮೀಟರಿನ ಅಳತೆಯನ್ನೇ ಮೀರಿತ್ತು. ಜ್ವರ ಸುಡುತ್ತಿತ್ತು. ಸಕ್ಕರೆ ಇಷ್ಟು ಏರಿದ್ದು ಯಾಕೆ, ಜ್ವರ ಎಲ್ಲಿಂದ ಬಂತು ಎಂದು ಅಲ್ಲಿನ ಡಾಕ್ಟರರಿಗೆ ಅರ್ಥವಾಗಿರಲಿಲ್ಲ. ಇನ್ಸುಲಿನ್ ತಗೊಳ್ತಾರಾ ಎಂದು ಕೇಳಿದಾಗ ಅವ್ವ ಹೌದು ಅಂದಳು. ನಾನೂ ಹೌದು ಅಂದೆ. ಬೆವರಿನಿಂದ ತೊಯ್ದ ಖಾಕಿ ಅಂಗಿಯನ್ನು ಬಿಚ್ಚಲು ಹೋದರೆ ಅಪ್ಪ ಅರೆಪ್ರಜ್ಞೆಯಲ್ಲೂ ಹೊಟ್ಟೆಯ ಮೇಲಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಹೊಕ್ಕಳಿನ ಬಲಕ್ಕೆ ಅಂಚೆಚೀಟಿಗಿಂತ ತುಸು ದೊಡ್ಡದಾದ, ಚರ್ಮದ ಬಣ್ಣದ್ದೇ ಒಂದು ಪಟ್ಟಿ ಅಂಟಿತ್ತು. ಅದರ ಸುತ್ತ ಅಂಗೈ ಅಗಲ ಚರ್ಮ ಕೆಂಪಾಗಿ, ಬಿಗಿದು, ಮುಟ್ಟಿದರೆ ಒಲೆಯ ಮೇಲಿಂದ ಇಳಿಸಿದ ಪಾತ್ರೆಯಂತಿತ್ತು. ಪಟ್ಟಿಯನ್ನು ಕಿತ್ತಾಗ ಅದರ ಹಿಂದೆ ಕೀವು ಬಂತು.

ಇದೇನಪ್ಪಾ ಎಂದು ಕಿವಿಯ ಹತ್ತಿರ ಬಾಗಿ ಕೇಳಿದೆ. ಕಣ್ಣು ತೆರೆಯದೆಯೇ ಅಂದ, "ಇನ್ಸುಲಿನ್ ಐತವ್ವಾ ಅದರಾಗ."

ಆ ಪಟ್ಟಿಯನ್ನು ನಾನು ಬೆಳಕಿಗೆ ಹಿಡಿದು ನೋಡಿದೆ. ಅಂಟಿನ ನಡುವೆ ಗಾಜಿನ ಪುಡಿಯಂತೆ ಸಾಲುಸಾಲಾಗಿ ಮುಳ್ಳುಗಳಿದ್ದವು. ಬೆರಳಾಡಿಸಿದರೆ ಒರಟು, ಒತ್ತಿದರೆ ಚುಚ್ಚುತ್ತಿದ್ದವು. ಹಿಂದಿನ ವರ್ಷ ನಮ್ಮ ಆಸ್ಪತ್ರೆಯಲ್ಲಿ ನರ್ಸುಗಳಿಗೆಲ್ಲ ಒಂದು ತರಬೇತಿ ಇಟ್ಟಿದ್ದಾಗ ಪರದೆಯ ಮೇಲೆ ಇಂಥದೇ ಚಿತ್ರ ತೋರಿಸಿದ್ದರು. ಮೈಕ್ರೋನೀಡಲ್ ಅಂದರು. ಕೂದಲಿಗಿಂತ ಸಣ್ಣ ಸೂಜಿಗಳು, ಚರ್ಮದ ಮೇಲಿನ ಪದರವನ್ನಷ್ಟೇ ದಾಟುತ್ತವೆ, ನೋವಿನ ನರದವರೆಗೆ ಹೋಗುವುದಿಲ್ಲ, ಕೆಲವು ಒಳಗೇ ಕರಗಿಹೋಗುತ್ತವೆ, ಮಕ್ಕಳ ಲಸಿಕೆಗೆ ಹೀಗೆ ಮಾಡಲು ಪರೀಕ್ಷೆ ನಡೆದಿದೆ ಎಂದಿದ್ದರು. ನಾವೆಲ್ಲ ಚಹಾ ಕುಡಿಯುತ್ತ ಕೇಳಿ ಮರೆತಿದ್ದೆವು.

ಅಪ್ಪನಿಗೆ ಸಕ್ಕರೆ ಕಾಯಿಲೆ ನಾನು ಶಾಲೆಯಲ್ಲಿದ್ದಾಗಿನಿಂದಲೂ ಇತ್ತು. ಬಹಳ ವರ್ಷ ಗುಳಿಗೆಯಲ್ಲೇ ನಡೆಯಿತು. ಹಿಂದಿನ ಚಳಿಗಾಲದಲ್ಲಿ ಡಾಕ್ಟರು ಇನ್ನು ಗುಳಿಗೆ ಸಾಲದು ಎಂದು ಇನ್ಸುಲಿನ್ ಬರೆದರು. ಹೊಟ್ಟೆಯ ಚರ್ಮವನ್ನು ಚಿಮಟಿ ಹಿಡಿದು ಚುಚ್ಚಿಕೊಳ್ಳುವುದನ್ನು ನಾನೇ ಕಲಿಸಿದೆ. ನೋವಿಗೆ ಅವನು ಹೆದರಲಿಲ್ಲ. ಹೆದರಿಕೆ ಇದ್ದದ್ದು ಡಿಪೋದ್ದು. ಅಪ್ಪನ ಜೊತೆಯ ಒಬ್ಬ ಡ್ರೈವರ್ ಇನ್ಸುಲಿನ್ ತೆಗೆದುಕೊಂಡು ಹೊತ್ತಿಗೆ ಸರಿಯಾಗಿ ಊಟ ಮಾಡದೆ, ಸಕ್ಕರೆ ಇಳಿದು, ಚಾಲನೆಯಲ್ಲೇ ತಲೆ ತಿರುಗಿ ಬಸ್ಸನ್ನು ಕಾಲುವೆಯ ಏರಿಗೆ ಹತ್ತಿಸಿದ್ದ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅವನನ್ನು ಸ್ಟೇರಿಂಗ್ ಬಿಡಿಸಿ ಟೈರಿನ ಕೆಲಸಕ್ಕೆ ಹಾಕಿದರು. ಬಸ್ಸಿನ ತುಂಬ ಜನ ಇರುವಾಗ ಹಾಗೆ ಮಾಡಿದ್ದು ತಪ್ಪಲ್ಲ ಎಂದು ಅಪ್ಪನೇ ಹೇಳುತ್ತಿದ್ದ. ಆದರೂ ಗಾಳಿ ತುಂಬುತ್ತ ಕುಳಿತ ಅವನ ಮುಂದೆ ಹಾದುಹೋಗುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದನಂತೆ.

ಸ್ಟೇರಿಂಗ್ ಅಪ್ಪನಿಗೆ ಬರೀ ನೌಕರಿಯಾಗಿರಲಿಲ್ಲ. ಅವನ ಅಪ್ಪ, ಅಂದರೆ ನಮ್ಮ ಅಜ್ಜ, ಜವಳಗೇರಾದಲ್ಲಿ ಬೇರೆಯವರ ಗದ್ದೆಗಳಲ್ಲಿ ಕೂಲಿಗಿದ್ದವನು. ಊರಿನ ಹೋಟೆಲಿನಲ್ಲಿ ಚಹಾ ಬೇಕೆಂದರೆ ಅವನು ಹೊರಗೆ ನಿಲ್ಲಬೇಕಿತ್ತು, ಅವನ ಲೋಟ ಬೇರೆ ಇತ್ತು. ಅಪ್ಪನ ಕಾಲಕ್ಕೆ ನಮ್ಮ ಮನೆ ಬುದ್ಧನ ಕಡೆಗೆ ಬಂತು, ಸಂಬಳದ ಕೆಲಸವೂ ಬಂತು. ಅದೇ ಜವಳಗೇರಾದ ನಿಲ್ದಾಣದಲ್ಲಿ ಅಪ್ಪ ಬಸ್ಸು ನಿಲ್ಲಿಸಿದರೆ, ಅಜ್ಜ ಕೂಲಿ ಮಾಡಿದ ಗದ್ದೆಗಳ ಮನೆತನದವರೇ ಕಿಟಕಿಯ ಕೆಳಗೆ ಬಂದು, ಜರಾ ನಿಲ್ರಿ ಡ್ರೈವರ್ ಸಾಹೇಬ್ರ, ಮುದುಕಿ ಬರಾಕತ್ತಾಳ ಎಂದು ಕೇಳಿಕೊಳ್ಳುತ್ತಿದ್ದರು. ಅಪ್ಪ ಆ ಮುದುಕಿ ಬರುವವರೆಗೂ ನಿಲ್ಲಿಸುತ್ತಿದ್ದ. ಮನೆಗೆ ಬಂದು ಅದನ್ನು ನಮಗೆ ಹೇಳುತ್ತಿದ್ದ, ದೊಡ್ಡ ಸಂಗತಿ ಎಂಬಂತೆ ಅಲ್ಲ, ಊಟದ ನಡುವೆ ನೆನಪಾದಂತೆ.

ಮನೆಯಲ್ಲಿದ್ದಾಗ ಇನ್ಸುಲಿನ್ ತೆಗೆದುಕೊಳ್ಳಲು ತೊಂದರೆ ಇರಲಿಲ್ಲ. ಬಸ್ಸನ್ನು ಕೊನೆಯ ಹಳ್ಳಿಯಲ್ಲಿ ನಿಲ್ಲಿಸಿ ಅಲ್ಲೇ ಮಲಗಬೇಕಾದ ಡ್ಯೂಟಿಯಲ್ಲಿ ತೊಂದರೆ. ಸೀಸೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬುತ್ತಿಯ ಡಬ್ಬಿಯ ತಳದಲ್ಲಿ ಇಟ್ಟುಕೊಳ್ಳುತ್ತಿದ್ದ. ಕಂಡಕ್ಟರ್ ಸ್ನಾನಕ್ಕೆ ಹೋದಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಚುಚ್ಚಿಕೊಳ್ಳುತ್ತಿದ್ದನಂತೆ. ಇದೆಲ್ಲ ನಮಗೆ ಆಮೇಲೆ ಗೊತ್ತಾಯಿತು.

ಅಪ್ಪನ ಜೊತೆಯಲ್ಲೇ ಕೆಲಸಕ್ಕೆ ಸೇರಿದ ಇನ್ನೊಬ್ಬ ಡ್ರೈವರ್ ಇದ್ದರು. ನಾನು ಚಿಕ್ಕಂದಿನಿಂದ ಕಾಕಾ ಎಂದು ಕರೆಯುವವರು. ಅವರಿಗೂ ಅದೇ ಕಾಯಿಲೆ, ಅದೇ ಅಂಜಿಕೆ. ಬೇಸಿಗೆಯಲ್ಲಿ ಕಾಕಾ ತಮ್ಮ ಫೋನಿನಲ್ಲಿ ಒಂದು ವಿಡಿಯೋ ನೋಡಿದರು. ಬಿಳಿ ಕೋಟು ಹಾಕಿಕೊಂಡ ಒಬ್ಬ ಮನುಷ್ಯ ಹಿಂದಿಯಲ್ಲಿ, ಇನ್ನು ಸೂಜಿ ಬೇಡ, ಪಟ್ಟಿ ಅಂಟಿಸಿದರೆ ಸಾಕು, ಇನ್ಸುಲಿನ್ ತಾನಾಗಿ ಇಳಿಯುತ್ತದೆ, ವಿದೇಶದ ವಿಜ್ಞಾನ ಎಂದು ಹೇಳುತ್ತಿದ್ದ. ಕಾಕಾ ಇಬ್ಬರಿಗೂ ಸೇರಿಸಿ ತರಿಸಿದರು. ಪಾರ್ಸೆಲ್ ನಮ್ಮ ಕಡೆಯ ಮೇ ತಿಂಗಳಿನ ಬಿಸಿಲಿನಲ್ಲಿ ಲಾರಿ, ಗೋದಾಮು, ಬೈಕು ಎಲ್ಲ ಹಾಯ್ದು ಬಂತು. ಇನ್ಸುಲಿನ್ನನ್ನು ತಂಪಿನಲ್ಲಿಡಬೇಕೆಂದು ಅಪ್ಪನಿಗೆ ಗೊತ್ತಿತ್ತು. ಆದರೆ ಪಟ್ಟಿಯಲ್ಲಿರುವುದು ಒಣಗಿದ ಔಷಧಿ, ಬಿಸಿಲಿಗೆ ಕೆಡುವುದಿಲ್ಲ ಎಂದು ವಿಡಿಯೋದ ಮನುಷ್ಯ ಅದಕ್ಕೂ ಉತ್ತರ ಹೇಳಿಬಿಟ್ಟಿದ್ದ.

ಮೊದಲ ವಾರ ಅಪ್ಪ ಎರಡನ್ನೂ ಮಾಡಿದ, ಪಟ್ಟಿಯೂ ಸೂಜಿಯೂ. ಸಕ್ಕರೆ ಹದಕ್ಕೆ ಬಂದಿತ್ತು. ಅದು ಪಟ್ಟಿಯ ಗುಣವೆಂದು ನಂಬಿ ಸೂಜಿ ಬಿಟ್ಟ. ಮನೆಯಲ್ಲಿ ಅವ್ವನ ಎದುರಿಗೆ ಸೀಸೆ ತೆಗೆದುಕೊಂಡು ಬಚ್ಚಲಿಗೆ ಹೋಗಿ ಹಾಗೆಯೇ ಹೊರಗೆ ಬರುತ್ತಿದ್ದ. ಆಮೇಲೆ ಬೆರಳು ಚುಚ್ಚಿ ಸಕ್ಕರೆ ನೋಡುವುದನ್ನೂ ಬಿಟ್ಟ. ಪಟ್ಟಿಗಳು ಬೇಗ ಮುಗಿಯುತ್ತವೆಂದು ಒಂದನ್ನು ಕಿತ್ತು, ಒರೆಸಿ, ಮರುದಿನ ಅದೇ ಜಾಗದಲ್ಲಿ ಮತ್ತೆ ಅಂಟಿಸುತ್ತಿದ್ದ. ಎಂಜಿನ್ನಿನ ಪಕ್ಕ ದಿನವಿಡೀ ಕುಳಿತು ಬೆವರುವ ಹೊಟ್ಟೆ ಅದು.

ಲಿಂಗಸುಗೂರಿನಿಂದ ಅಂದು ಸಂಜೆಯೇ ರಾಯಚೂರಿಗೆ ಕಳಿಸಿದರು. ಅಲ್ಲಿ ಕೊಯ್ದು ನೋಡಿದಾಗ ಚರ್ಮದ ಅಡಿಯ ಪದರವೆಲ್ಲ ಕೊಳೆತು ಸೊಂಟದವರೆಗೆ ಹರಡಿತ್ತು. ಕೊಳೆತದ್ದನ್ನು ತೆಗೆದರು. ಮತ್ತೆ ಹರಡಿತು, ಮತ್ತೆ ತೆಗೆದರು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವ್ವ ಕುಳಿತಲ್ಲೇ ಕುಳಿತಿದ್ದಳು. ಬೇರೆ ರೋಗಿಗಳ ಮನೆಯವರಿಗೆ ಇಂಥ ವೇಳೆಯಲ್ಲಿ ನಾನು ಹೇಳುವ ಮಾತುಗಳು ನನಗೆ ಬಾಯಿಪಾಠ. ಅವಳ ಮುಂದೆ ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ಅಪ್ಪ ಉಳಿದ. ಕಣ್ಣಿನ ಮಂಜೂ ಸಕ್ಕರೆ ಇಳಿದ ಮೇಲೆ ತಿಳಿಯಾಯಿತು. ಆದರೆ ಸಕ್ಕರೆ ಕಾಯಿಲೆಯಿಂದ ಮೊದಲೇ ಸೋತಿದ್ದ ಕಿಡ್ನಿಗಳು ಆ ನಂಜಿನಲ್ಲಿ ಪೂರ್ತಿ ಕೈಬಿಟ್ಟವು. ವಾರಕ್ಕೆರಡು ಸಲ ಸಿಂಧನೂರಿಗೆ ಡಯಾಲಿಸಿಸ್‌ಗೆ ಕರೆತರಬೇಕಾಯಿತು. ಹೊಟ್ಟೆಯ ಗಾಯವನ್ನು ಹೊಲಿಯುವಂತಿರಲಿಲ್ಲ, ತಳದಿಂದ ತಾನೇ ತುಂಬಿಕೊಂಡು ಬರಬೇಕಿತ್ತು. ಅಷ್ಟು ದಿನವೂ ನಾನು ಕೆಲಸಕ್ಕೆ ಹೊರಡುವ ಮುಂಚೆ ಅಂಗಳದ ಬೆಳಕಿನಲ್ಲಿ ಮಂಚ ಹಾಕಿ ಡ್ರೆಸ್ಸಿಂಗ್ ಮಾಡುತ್ತಿದ್ದೆ. ಅವ್ವ ಬಿಸಿನೀರು ತಂದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಆ ಗಾಯವನ್ನು ಅವಳು ಒಮ್ಮೆ ನೋಡಿದ್ದಳು, ಮತ್ತೆ ನೋಡಲಿಲ್ಲ.

ಅಪ್ಪ ಮಾತನಾಡಿದ್ದೆಲ್ಲ ಆ ಹೊತ್ತಿನಲ್ಲೇ. ಪಟ್ಟಿಯ ಕಥೆಯನ್ನು ಅಷ್ಟಷ್ಟೇ ಹೇಳಿದ. ಯಾಕೆ ನನ್ನನ್ನು ಕೇಳಲಿಲ್ಲ ಎಂದಾಗ, ಕೇಳಿದ್ದರೆ ನೀ ಬ್ಯಾಡ ಅಂತಿದ್ದಿ, ಅದಕ್ಕ ಕೇಳಲಿಲ್ಲ ಎಂದ. ಅದು ನಿಜ. ಇನ್ನೊಂದು ದಿನ ನಾನು ಗಾಯದೊಳಗೆ ಬಟ್ಟೆ ತುಂಬುತ್ತಿದ್ದಾಗ ಆಕಾಶದ ಕಡೆಗೆ ನೋಡುತ್ತಲೇ ಕೇಳಿದ.

"ಅದು ಪೂರಾ ಸುಳ್ಳೇನವಾ?"

"ಯಾವುದಪ್ಪಾ?"

"ಆ ಪಟ್ಟಿ. ಚುಚ್ಚಿದ್ದು ಖರೇ ಇತ್ತು. ಹಚ್ಚಿದ ಕೂಡ್ಲೇ ಜುಮ್ ಅಂತಿತ್ತು. ಏನೋ ಒಳಗ ಹೋಗಾಕತ್ತೈತಿ ಅಂತ ಗೊತ್ತಾಗತಿತ್ತು. ಏನೂ ಇಲ್ಲದ್ದು ಹಂಗ ಚುಚ್ಚತೈತೇನು?"

ಡಾಕ್ಟರರನ್ನು ಕೇಳಿ ಹೇಳುತ್ತೇನೆ ಅಂದೆ. ಅಂದು ನಮ್ಮ ಆಸ್ಪತ್ರೆಯ ಸಕ್ಕರೆ ಕಾಯಿಲೆಯ ಡಾಕ್ಟರರ ಹೊರರೋಗಿಗಳ ಸರದಿ ಮುಗಿಯುವವರೆಗೆ ಕಾದು, ಅಪ್ಪನ ಖಾಲಿ ಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಅದರ ಮೇಲೆ ತಯಾರಿಸಿದವರ ವಿಳಾಸವಿರಲಿಲ್ಲ, ಪರವಾನಗಿಯ ಸಂಖ್ಯೆಯಿರಲಿಲ್ಲ, ಎಷ್ಟು ಔಷಧಿ ಇದೆಯೆಂದೂ ಇರಲಿಲ್ಲ. ಅವರು ಪೊಟ್ಟಣವನ್ನು ಹಿಂದುಮುಂದು ತಿರುಗಿಸಿ ನೋಡಿ, ಕುಳಿತುಕೊಳ್ಳಲು ಹೇಳಿದರು. ಆ ಸೂಜಿಗಳ ಹಿಂದಿನ ವಿಚಾರ ಸುಳ್ಳಲ್ಲ, ಅದರಿಂದಲೇ ಜನ ನಂಬಿ ಮೋಸಹೋಗುತ್ತಾರೆ, ಅದೇ ಇದರಲ್ಲಿ ಕೆಟ್ಟದ್ದು ಎಂದರು. ದೊಡ್ಡ ಪ್ರಯೋಗಶಾಲೆಗಳಲ್ಲಿ ಕೆಲಸ ನಡೆದಿದೆ, ಲಸಿಕೆಯಂಥ ಸ್ವಲ್ಪವೇ ಬೇಕಾದ ಔಷಧಿಗೆ ಚೆನ್ನಾಗಿಯೇ ಒಗ್ಗುವಂತಿದೆ, ಮನುಷ್ಯರ ಮೇಲೂ ಪರೀಕ್ಷೆ ಮಾಡಿದ್ದಾರೆ, ನೋವು ಕಡಿಮೆ, ಕೆಂಪಾದರೂ ಸಾಮಾನ್ಯವಾಗಿ ಬೇಗ ಹೋಗುತ್ತದೆ. ಆದರೆ ಅಷ್ಟು ಸಣ್ಣ ಮುಳ್ಳಿನ ಮೇಲೆ ಹಿಡಿಸುವ ಔಷಧಿ ಬಹಳ ಕಡಿಮೆ. ಒಬ್ಬರು ಒತ್ತಿ ಅಂಟಿಸುತ್ತಾರೆ, ಇನ್ನೊಬ್ಬರು ಮೆಲ್ಲಗೆ. ಒಬ್ಬರ ಚರ್ಮ ದಪ್ಪ, ಇನ್ನೊಬ್ಬರದು ಬೆವರಿ ಮೆತ್ತಗಾಗಿರುತ್ತದೆ. ಎಷ್ಟು ಒಳಗೆ ಹೋಯಿತೆಂಬುದು ಪ್ರತಿ ಸಲವೂ ಒಂದೇ ಆಗಬೇಕು. ಇನ್ಸುಲಿನ್ನಿನಲ್ಲಿ ಅದು ಸ್ವಲ್ಪ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಆಮೇಲೆ, ಚರ್ಮವೆಂಬುದು ಹೊರಗಿನದನ್ನು ಒಳಗೆ ಬಿಡದ ಗೋಡೆ, ಅದರಲ್ಲಿ ನೂರಾರು ತೂತು ಮಾಡುವ ವಸ್ತು ಒಂದು ಕಣವೂ ಹೊಲಸಿಲ್ಲದೆ ಇರಬೇಕು, ಒಂದೇ ಸಲ ಬಳಸಿ ಎಸೆಯಬೇಕು. ನಿಮ್ಮ ತಂದೆಯವರ ಪಟ್ಟಿಯಲ್ಲಿ ಸೂಜಿ ಮಾತ್ರ ಇದ್ದಿರಬೇಕು, ಔಷಧಿ ಇದ್ದಿರಲಾರದು ಎಂದರು. ಇನ್ಸುಲಿನ್ನಿನ ಇಂಥ ಪಟ್ಟಿಗೆ ತಮಗೆ ತಿಳಿದಂತೆ ಎಲ್ಲಿಯೂ ಮಂಜೂರಾತಿ ಸಿಕ್ಕಿಲ್ಲವೆಂದೂ ಹೇಳಿದರು.

ಮರುದಿನ ಇದನ್ನೆಲ್ಲ ನಮ್ಮ ಭಾಷೆಯಲ್ಲಿ ಅಪ್ಪನಿಗೆ ಹೇಳಿದೆ. ಅವನು ಮುಖ ನನ್ನ ಕಡೆಗೆ ತಿರುಗಿಸಿ ಕೇಳಿದ. ಗಾಯ ಉರಿಯುವಾಗಲೂ ನಡುವೆ ಬಾಯಿ ಹಾಕಲಿಲ್ಲ.

"ಹಂಗಾರ ಮುಂದ ಬರತೈತಿ," ಅಂದ.

"ಬಂದೀತು."

"ಎಷ್ಟು ವರ್ಷಕ್ಕ?"

"ಗೊತ್ತಿಲ್ಲಪ್ಪಾ. ಅವರಿಗೂ ಗೊತ್ತಿಲ್ಲ."

ತಲೆಯಾಡಿಸಿದ. ಅಷ್ಟು ನೋವಿನಲ್ಲೂ ಅವನ ಮುಖದ ಮೇಲೆ ಒಂದು ಸಮಾಧಾನ ಕಂಡಿತು. ತಾನು ನಂಬಿದ್ದು ಬರೀ ಮೋಸವನ್ನಲ್ಲ, ಎಲ್ಲೋ ಇರುವ ಒಂದು ನಿಜವನ್ನು ಎಂಬುದು ಅವನಿಗೆ ಬೇಕಿತ್ತೇನೋ. ನನಗೆ ಮಾತ್ರ ಆ ಮಾತು ಕೇಳಿ ಸಿಟ್ಟು ಬಂತು. ಯಾರ ಮೇಲೆಂದು ಹೇಳಲಾಗದ ಸಿಟ್ಟು. ಡ್ರೆಸ್ಸಿಂಗಿನ ಡಬ್ಬಿಯ ಮುಚ್ಚಳ ಹಾಕಿ, ಕೈ ತೊಳೆದು ಬಸ್ಸಿಗೆ ಹೋದೆ.

ಡಿಪೋದವರು ಬಂದು ನೋಡಿಹೋದರು. ಅಪ್ಪ ಬಸ್ಸು ನಿಲ್ಲಿಸಿದ್ದನ್ನು ದೊಡ್ಡ ಕೆಲಸವೆಂದು ಹೊಗಳಿದರು. ಬೇರೆ ಯಾರಾದರೂ ಆಗಿದ್ದರೆ ಮಸ್ಕಿ ಮುಟ್ಟಿಬಿಡೋಣ ಎಂದು ಓಡಿಸುತ್ತಿದ್ದರು ಎಂದರು. ಅವರು ಹೋದ ಮೇಲೆ ಅವ್ವನಿಗೆ ಖಾಕಿ ಅಂಗಿಗಳನ್ನು ಯಾರಿಗಾದರೂ ಕೊಟ್ಟುಬಿಡು ಎಂದ. ಅವ್ವ ಕೊಡಲಿಲ್ಲ, ಒಗೆದು ಮಡಿಸಿ ಟ್ರಂಕಿನಲ್ಲಿಟ್ಟಳು.

ಗಾಯ ತುಂಬುತ್ತ ಬಂದಿತ್ತು. ತಳದಲ್ಲಿ ಕೆಂಪು ಮಾಂಸ ಮೂಡಿದ್ದನ್ನು ನೋಡಿ ನಾನು ಅವ್ವನನ್ನು ಕೂಗಿ ಹೇಳಿದ್ದೆ. ಆದರೆ ಜೀವ ಆ ಕಡೆಯಿಂದ ಹೋಗಲಿಲ್ಲ. ಜೋಳ ತೆನೆ ಕಟ್ಟುವ ಕಾಲದಲ್ಲಿ, ಡಯಾಲಿಸಿಸ್ ಮುಗಿಸಿಕೊಂಡು ಬಂದ ಒಂದು ಮಧ್ಯಾಹ್ನ, ಅಪ್ಪ ಅವ್ವನ ಕೈಯಿಂದ ಎರಡು ತುತ್ತು ಅನ್ನ ತಿಂದು, ಸ್ವಲ್ಪ ಒರಗುತ್ತೇನೆಂದು ಗೋಡೆಗೆ ಒರಗಿದ. ಹೃದಯ ನಿಂತಿತು. ನಾನು ಎದೆ ಒತ್ತಿದೆ. ಕೆಲಸದಲ್ಲಿ ಎಷ್ಟೋ ಜನರಿಗೆ ಮಾಡಿದ್ದನ್ನೇ ಮಾಡಿದೆ. ಅವ್ವ ನನ್ನ ಭುಜ ಹಿಡಿದು, ಸಾಕು ಬಿಡವಾ, ಅವಗ ನೋಯಾಕತ್ತೈತಿ ಅಂದಾಗ ಕೈ ತೆಗೆದೆ.

ಮಣ್ಣು ಮಾಡುವ ದಿನ ಜವಳಗೇರಾದಿಂದಲೂ ಜನ ಬಂದಿದ್ದರು. ಕೆಲವು ದಿನಗಳ ಮೇಲೆ ಮನೆಯಲ್ಲಿ ಅಪ್ಪನ ನೆನಪಿಗೆ ಬುದ್ಧವಂದನೆ ಇಟ್ಟುಕೊಂಡೆವು. ಡಿಪೋದವರೆಲ್ಲ ಬಂದು ಚಾಪೆಯ ಮೇಲೆ ಕುಳಿತರು. ಕಾಕಾ ಮಾತ್ರ ಬಾಗಿಲ ಹತ್ತಿರ ನಿಂತೇ ಇದ್ದರು. ಅಪ್ಪ ಮಲಗಿದ್ದಷ್ಟು ದಿನ ಅವರು ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. ಅವ್ವ ಅವರನ್ನು ನೋಡಿಯೂ ನೋಡದಂತೆ ಊಟಕ್ಕೆ ಬಡಿಸುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಕಾಕಾ ನನ್ನನ್ನು ಹಿತ್ತಲಿನ ಕಡೆಗೆ ಕರೆದರು. ಅತ್ತೂ ಅತ್ತೂ ಅವರ ಕಣ್ಣು ಊದಿದ್ದವು.

"ನಾನೇ ತರಿಸಿ ಕೊಟ್ಟೀನಿ. ನಿಮ್ಮವ್ವಗ ಮುಖ ತೋರ್ಸಾಕ ಆಗವಲ್ದು," ಎಂದರು. ಆಮೇಲೆ ಅಂಗಿಯ ತೋಳನ್ನು ಭುಜದವರೆಗೆ ಮೇಲೆತ್ತಿದರು. ಅದೇ ಪಟ್ಟಿ. ಸುತ್ತ ಇನ್ನೂ ಕೀವಾಗಿರಲಿಲ್ಲ. ಕಡಲೆ ಗಾತ್ರದ ಎರಡು ಕೆಂಪು ಗಂಟುಗಳಿದ್ದವು.

"ಇನ್ನೂ ಹಚ್ಚಿಗೊಂತೀರಾ ಕಾಕಾ?"

"ಸೂಜಿ ಬಿಟ್ಟಿಲ್ಲವಾ, ಖರೇನ ಹೇಳಾಕತ್ತೀನಿ. ಡ್ಯೂಟಿಗೆ ಹೋದಾಗ ಅಷ್ಟ ಇದು."

ಒಂದು ಕ್ಷಣ ಅವರನ್ನು ಅಲ್ಲೇ ಬಿಟ್ಟು ಒಳಗೆ ಹೋಗಬೇಕೆನ್ನಿಸಿತು. ಹೋಗಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಅವರನ್ನು ಕೂರಿಸಿ, ಅಪ್ಪನ ಡ್ರೆಸ್ಸಿಂಗಿಗೆ ತಂದಿಟ್ಟ ಸಾಮಾನಿನಲ್ಲಿ ಉಳಿದದ್ದನ್ನು ತಂದು, ಪಟ್ಟಿ ಕಿತ್ತು ಚರ್ಮವನ್ನು ಸ್ವಚ್ಛ ಮಾಡಿದೆ. ನಾಳೆಯೇ ಸಿಂಧನೂರಿಗೆ ಬನ್ನಿ, ನಮ್ಮ ಡಾಕ್ಟರರಿಗೆ ತೋರಿಸೋಣ, ಸಕ್ಕರೆ ಹದದಲ್ಲಿದ್ದರೆ ಡಿಪೋದವರೊಂದಿಗೆ ಮಾತನಾಡಲು ಅವರೇ ಒಂದು ದಾರಿ ಹೇಳಬಹುದು ಎಂದೆ. ಕಾಕಾ ಹ್ಞೂಂ ಅಂದರು. ಮನೆಯಲ್ಲಿ ಉಳಿದ ಪಟ್ಟಿಗಳನ್ನು ತಂದು ನನ್ನ ಕೈಗೆ ಕೊಡುತ್ತೇನೆಂದೂ ಹೇಳಿದರು. ಎದ್ದು ತೋಳು ಇಳಿಸಿಕೊಂಡು, ಗುಂಡಿ ಹಾಕಿಕೊಳ್ಳುವಾಗ ಮೆಲ್ಲಗೆ ಅಂದರು, "ಡಿಪೋದಾಗ ಯಾರಿಗೂ ಹೇಳಬ್ಯಾಡವಾ."

ಮರುದಿನ ಅವರು ಬರಲಿಲ್ಲ. ಫೋನ್ ಮಾಡಿದರೆ ಡ್ಯೂಟಿಯಲ್ಲಿದ್ದೇನೆಂದರು. ಮುಂದಿನ ವಾರ ಬಂದರು, ಹೆಂಡತಿಯನ್ನು ಕರೆದುಕೊಂಡು. ಡಾಕ್ಟರರ ಕೋಣೆಯ ಹೊರಗೆ ಅವರಿಬ್ಬರೂ ಕುಳಿತಿದ್ದನ್ನು ನಾನು ವಾರ್ಡಿನ ಬಾಗಿಲಿನಿಂದ ನೋಡಿದೆ. ಅವರ ಹೆಸರು ಕೂಗಿದಾಗ ಕಾಕಾ ತಕ್ಷಣ ಏಳಲಿಲ್ಲ. ಹೆಂಡತಿ ಮೊಣಕೈ ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದರು.